ಬರೆದು ಕೊಡಿ, ಮಾರಾಯ್ರೆ

ಕಂಪ್ಯೂಟರಿನ ಜೊತೆ ಮರ್ಯಾದೆಯಿಂದ ನಡೆದುಕೊಂಡ ಮನುಷ್ಯರನ್ನು ನಾನು ಈ ಆಯುಸ್ಸಿನಲ್ಲಿ ಕಂಡದ್ದು ಒಬ್ಬರನ್ನೇ. ಉಳಿದ ನಾವೆಲ್ಲ ಅದನ್ನು ಬೈದವರು, ಅದರ ತಲೆಗೆ ತಟ್ಟಿದವರು, ಅದು ಏನೋ ಕೇಳುತ್ತಿದ್ದರೆ ಓದುವ ಗೋಜಿಗೇ ಹೋಗದೆ ‘ಓಕೆ’ ಒತ್ತಿ ಕಾಫಿಗೆ ಎದ್ದುಹೋದವರು. ಅವರು ಮಾತ್ರ ಅದು ಹೇಳಿದ್ದನ್ನು ಕೊನೆಯ ಸಾಲಿನವರೆಗೆ ಓದಿ, ಹೌದೆಂದು ತಲೆಯಾಡಿಸಿ, ಆಮೇಲೆ ಉತ್ತರ ಕೊಡುತ್ತಿದ್ದರು. ಕಳೆದ ತಿಂಗಳು ವೇಲಚೇರಿಯ ಫ್ಲಾಟಿನಲ್ಲಿ ತೀರಿಕೊಂಡರು. ಹೋಗಿಬಂದೆ. ಹೊರಡುವಾಗ ಅವರ ತಂಗಿ ನನ್ನ ಕೈಗೊಂದು ಹಳೆಯ ಬಿಸ್ಕತ್ತಿನ ಡಬ್ಬಿ ಕೊಟ್ಟರು. ಅದರ ಸಂಗತಿಯನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ನನ್ನ ಮರ್ಯಾದೆಗೆ ಕುಂದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಕಾಗದದ ಮೇಲೆ ಬಂತೆಂದರೆ ಒಂದೋ ಮೆಮೋ, ಇಲ್ಲವೇ ವರ್ಗಾವಣೆ ಎಂಬುದು ಅವರ ದೃಢವಾದ ನಂಬಿಕೆ. ಅಷ್ಟು ದೀರ್ಘವಾದ ನೌಕರಿಯೂ ಆ ನಂಬಿಕೆಯನ್ನು ಸುಳ್ಳುಮಾಡಲಿಲ್ಲ. ಕಚೇರಿಗೆಲ್ಲ ಅವರು ‘ಮೇಡಂ’. ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನ ಹುದ್ದೆ, ವಯಸ್ಸು, ನೆರೆತ ಕೂದಲು ಯಾವುದನ್ನೂ ಗಣನೆಗೆ ತೆಗೆದುಕೊಳ್ಳದೆ ‘ಮಾರಾಯ್ರೆ’ ಎನ್ನುತ್ತಿದ್ದರು.

ಈ ತಮಿಳು ಮಹಾನಗರದ ಪ್ಯಾರೀಸ್ ಕಾರ್ನರಿನ ಹತ್ತಿರ, ಕೆಳಗೆ ಕೊಡೆಗಳೂ ಬೀಗಗಳೂ ಸಗಟಿನಲ್ಲಿ ಮಾರಾಟವಾಗುವ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ವಿಮಾ ಕಚೇರಿ. ಅಷ್ಟು ದೊಡ್ಡ ಕಚೇರಿಗೆ ಕನ್ನಡದವರು ನಾವಿಬ್ಬರೇ. ನನ್ನ ಅಜ್ಜ ಮೈಸೂರು ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಬಂದು ತಾಂಬರಂನಲ್ಲಿ ಇಳಿದವರು ಮತ್ತೆ ಹತ್ತಲಿಲ್ಲ. ಅಕ್ಕನ ತಂದೆ ಕುಂದಾಪುರದ ಕಡೆಯವರು, ಇಲ್ಲಿಯ ಸಸ್ಯಾಹಾರಿ ಹೋಟೆಲೊಂದರ ಅಡುಗೆಮನೆಗೆ ಒಡೆಯರು. ಒಡೆಯರೆಂದರೆ ಹೋಟೆಲಿಗಲ್ಲ, ಅಡುಗೆಮನೆಗೆ. ಹಾಗಾಗಿ ನನ್ನ ಕನ್ನಡದಲ್ಲಿ ಅರ್ಧ ತಮಿಳು, ಅವರ ಕನ್ನಡದಲ್ಲಿ ಕಡಲು. ನಾನು ‘ಸೀಕ್ರಂ ಬನ್ನಿ ಅಕ್ಕ’ ಎಂದರೆ, “ಕನ್ನಡದಲ್ಲಿ ಕರೀರಿ, ಬೇಗ ಬರ್ತೇನೆ” ಎನ್ನುವರು.

ಕಂಪ್ಯೂಟರಿಗಿಂತ ಮೊದಲು ನಮ್ಮಲ್ಲಿ ಟೆಲಿಪ್ರಿಂಟರ್ ಕೋಣೆ ಎಂಬುದಿತ್ತು. ಇಲ್ಲಿ ಟೈಪು ಮಾಡಿದರೆ ಮುಂಬಯಿಯಲ್ಲಿ ತಾನೇ ಅಚ್ಚಾಗುವ ಯಂತ್ರಗಳು. ನಾಲ್ಕು ಯಂತ್ರಗಳು ಒಟ್ಟಿಗೆ ತಲೆ ಚಚ್ಚಿಕೊಳ್ಳುತ್ತಿದ್ದ ಆ ಕೋಣೆಯಲ್ಲಿ ಅಕ್ಕ ಇಪ್ಪತ್ತೆರಡು ವರ್ಷ ಕೂತಿದ್ದರು. ಆ ಕೆಲಸಕ್ಕೊಂದು ಶಿಷ್ಟಾಚಾರವಿತ್ತು. ಸಂದೇಶ ಕಳಿಸುವ ಮೊದಲು ಒಂದು ಕೀಲಿ ಒತ್ತಬೇಕು. ಅದರ ಅರ್ಥ ‘ನೀನು ಯಾರು?’ ಆಚೆಯ ಯಂತ್ರ ತನ್ನ ಹೆಸರು ಹೇಳುತ್ತದೆ. ಹೇಳಿದ ಮೇಲೆ ಸಂದೇಶ. ಮುಗಿದ ಮೇಲೆ ಮತ್ತೊಮ್ಮೆ ‘ನೀನು ಯಾರು?’ ಆಗಲೂ ಅದೇ ಹೆಸರು ಬಂದರೆ ಮಾತ್ರ ನಾವು ಹೇಳಿದ್ದು ತಲುಪಿದೆ ಎಂದು ಅರ್ಥ. ಬರದಿದ್ದರೆ, ನೀವು ಎಷ್ಟೇ ಚೆನ್ನಾಗಿ ಹೇಳಿರಿ, ಹೇಳಿದ ಹಾಗಲ್ಲ. ಈ ಪದ್ಧತಿಯನ್ನು ಮನುಷ್ಯರ ಮಧ್ಯೆಯೂ ತಂದಿದ್ದರೆ ನಮ್ಮ ಕಚೇರಿಯ ಮುಕ್ಕಾಲು ಜಗಳಗಳು ಇರುತ್ತಿರಲಿಲ್ಲ ಎಂದು ನಾನು ಆಗಾಗ ಗಂಭೀರವಾಗಿ ಯೋಚಿಸಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಆ ಕೋಣೆಗೆ ಬೀಗ ಬಿತ್ತು. ಜೊತೆಗಿದ್ದ ಮೂವರು ಬೇರೆ ಬೇರೆ ಶಾಖೆಗಳಿಗೆ ಹೋದರು. ಅಕ್ಕನನ್ನು ಏನು ಮಾಡಬೇಕೆಂದು ತೋಚದೆ, ಏನು ಮಾಡಬೇಕೆಂದು ಯಾರಿಗೂ ತೋಚದಿದ್ದ ಕಂಪ್ಯೂಟರ್ ವಿಭಾಗಕ್ಕೆ ಹಾಕಿದರು. ನಾನು ಅಲ್ಲಿ ಮೊದಲೇ ಇದ್ದೆ, ಇದೇ ಕಾರಣಕ್ಕೆ.

ಮೊದಲ ದಿನ ಅವರ ಮುಂದೆ ಒಂದು ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಪುಟ್ಟ ಗೆರೆ. ಎಲ್ಲರೂ ಹೆದರುತ್ತಿದ್ದದ್ದು ಆ ಗೆರೆಗೇ. ಅಕ್ಕ ಮಾತ್ರ ತವರುಮನೆಯ ಜಗಲಿಯಲ್ಲಿ ಕೂತವರಂತೆ ಕಾಲು ಮೇಲೆತ್ತಿ ಕೂತರು.

“ಇದರಲ್ಲಿ ಎಂತ ಉಂಟು ಹೆದರುದಕ್ಕೆ? ನಾವು ಬರೆಯುದು, ಅದು ಉತ್ತರ ಬರೆಯುದು. ಅದೇ ಟೆಲಿಪ್ರಿಂಟರ್. ಗಲಾಟೆ ಇಲ್ಲ, ಅಷ್ಟೆ.”

ಆಮೇಲೆ ಚಿತ್ರಗಳಿರುವ ಪರದೆಯೂ ಮೌಸೂ ಬಂದವು. ಮೌಸನ್ನು ಅಕ್ಕ ಎರಡು ದಿನ ಗಮನವಿಟ್ಟು ನೋಡಿ, ಮೂರನೆಯ ದಿನ ಫ್ಯಾನಿನ ಗಾಳಿಗೆ ಕಾಗದಗಳು ಹಾರದಂತೆ ಅವುಗಳ ಮೇಲೆ ಭಾರಕ್ಕಿಟ್ಟರು. ನಿವೃತ್ತಿಯ ದಿನದವರೆಗೂ ಆ ಮೌಸು ಆ ಕರ್ತವ್ಯದಲ್ಲಿ ತಪ್ಪಲಿಲ್ಲ.

ಆ ಕಾಗದಗಳೆಂದರೆ ಚೀಟಿಗಳು. ಅಕ್ಕನ ಬಳಿ ಯಾರೇ ಯಾವ ಕೆಲಸಕ್ಕೆ ಬಂದರೂ ಬಾಯಲ್ಲಿ ಹೇಳುವಂತಿಲ್ಲ. “ಬಾಯಲ್ಲಿ ಹೇಳಿದ್ದು ಮೆಸೇಜ್ ಅಲ್ಲ. ಬರೆದು ಕೊಡಿ, ಮಾರಾಯ್ರೆ.” ಬರೆದು ಕೊಟ್ಟರೆ ಓದುವರು, ಕೆಲಸ ಮಾಡುವರು, ಆಮೇಲೆ ಚೀಟಿಯ ಹಿಂಬದಿಗೆ ಅದು ತಮಗೆ ಸಿಕ್ಕಿದ ಸಮಯ, ಏನಾಯಿತು ಎಂಬ ಒಂದು ಸಾಲು, ಸಹಿ ಹಾಕುವರು. ಟೆಲಿಪ್ರಿಂಟರಿನ ಕಾಲದ ಅಭ್ಯಾಸ. ನಮ್ಮ ಅಟೆಂಡರ್ ಹೆಚ್ಚು ಬರೆಯುವವರಲ್ಲ. ಅವರು ಹನ್ನೊಂದು ಗಂಟೆಗೆ ಚೀಟಿಯಲ್ಲಿ ಒಂದು ಲೋಟದ ಚಿತ್ರ ಬರೆದು ಮುಂದಿಡುತ್ತಿದ್ದರು. ಮೇಲೆ ಹೊಗೆಯಿದ್ದರೆ ಕಾಫಿ, ಇಲ್ಲದಿದ್ದರೆ ಮಜ್ಜಿಗೆ. ಅಕ್ಕ ಹಿಂದೆ ಸಮಯ ಹಾಕಿ ಸಹಿ ಮಾಡಿದ ಮೇಲೆ ಕಾಫಿ ಬರುವುದು.

“ಇಂಗೆ ಚೀಟಿ ಇಲ್ಲಾಮ ಕಾಪಿ ಕೂಡ ಕಿಡೈಕ್ಕಾದು ಸಾರ್” ಎಂದು ಅವರು ನನ್ನೆದುರು ಗೊಣಗುವರು. ಚೀಟಿಯಿಲ್ಲದೆ ಇಲ್ಲಿ ಕಾಫಿಯೂ ಹುಟ್ಟುವುದಿಲ್ಲವೆಂದು. ಗೊಣಗಿದರೂ ಹೊಗೆಯನ್ನು ದಿನದಿನಕ್ಕೆ ಹೆಚ್ಚು ಅಂದವಾಗಿ ಸುರುಳಿ ಸುತ್ತಿ ಬರೆಯುತ್ತಿದ್ದರು.

ನಿಜ ಸಂಗತಿ ಏನೆಂದರೆ, ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ, ಎದುರು ನಿಂತು ಮುಖ ನೋಡಿ ಹೇಳಿದರೆ, ಅರ್ಧ. ಇಪ್ಪತ್ತೆರಡು ವರ್ಷ ಆ ನಾಲ್ಕು ಯಂತ್ರಗಳು ತಿಂದದ್ದು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದರು, ಅಥವಾ ನಂಬಿದವರಂತೆ ಇದ್ದರು. ಗೊತ್ತಿದ್ದದ್ದು ಇಡೀ ಮೂರನೆಯ ಮಹಡಿಗೆ. ಕೆಳಗಿನ ಕೊಡೆ ಅಂಗಡಿಯವನಿಗೂ ಗೊತ್ತಿತ್ತು. ಆದರೆ ನಮಗೆ ಗೊತ್ತಿದೆ ಎಂಬುದನ್ನು ಅವರಿಗೆ ಗೊತ್ತಾಗಗೊಡಬಾರದೆಂದು ಒಂದು ದಿನವೂ ಸಭೆ ಸೇರದೆ, ಠರಾವು ಮಾಡದೆ, ಎಲ್ಲರೂ ಒಪ್ಪಿದ್ದರು. ಬೋನಸ್ಸಿನ ವಿಷಯದಲ್ಲಿ ಕೂಡ ನಮ್ಮ ಕಚೇರಿ ಅಷ್ಟು ಒಗ್ಗಟ್ಟು ತೋರಿಸಿದ್ದಿಲ್ಲ. ವಿಭಾಗದ ಫೋನು ಬಡಿದುಕೊಂಡರೆ ನಾನು ಎತ್ತಿ, “ಮೇಡಂ ಬಿಜಿ” ಎನ್ನುತ್ತಿದ್ದೆ. ಕಾರಣ ಸರಳ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ತಾಯಿಯನ್ನು ನೋಡಿಕೊಳ್ಳುವ ತಂಗಿ, ದುಡಿಯುವವರು ಅಕ್ಕ ಒಬ್ಬರೇ. ನಿವೃತ್ತಿಗೆ ಇನ್ನೂ ಮೂರು ವರ್ಷ ಚಿಲ್ಲರೆ ಬಾಕಿ.

ಈಗ ಅವರ ವಿದ್ಯೆಯ ಬಗ್ಗೆ ನಾಲ್ಕು ಮಾತು. ಖರ್ಚು ಉಳಿಯುತ್ತದೆಂದು ನಮ್ಮ ಕೆಲವು ಯಂತ್ರಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯನ್ನು ಹಾಕಿದ್ದರು. ಪುಕ್ಕಟೆ ಸಿಕ್ಕಿದ್ದರ ಕಷ್ಟ ಪುಕ್ಕಟೆಯಲ್ಲ. ಒಂದು ಹೊಸ ತಂತ್ರಾಂಶ ಬೇಕೆಂದರೆ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು, ಗಂಟು ಬಿಚ್ಚಿ, ಒಂದೊಂದೇ ಆಜ್ಞೆಯನ್ನು ಕೈಯಾರೆ ಟೈಪು ಮಾಡಿ ಕೂರಿಸಬೇಕು. ಇಂಟರ್‌ನೆಟ್ ಇದ್ದದ್ದು ಮ್ಯಾನೇಜರರ ಕೋಣೆಯ ಟೆಲಿಫೋನ್ ತಂತಿಯಲ್ಲಿ. ಇಳಿಯುತ್ತಿರುವಾಗ ಯಾರಾದರೂ ಫೋನ್ ಎತ್ತಿದರೆ ಎಲ್ಲ ಮೊದಲಿನಿಂದ. ಇಳಿದದ್ದನ್ನು ಐದಾರು ಫ್ಲಾಪಿಗಳಿಗೆ ಹಂಚಿ, ಅಕ್ಕ ಅವುಗಳ ಮೇಲೆ ‘ಐದರಲ್ಲಿ ಒಂದು’, ‘ಐದರಲ್ಲಿ ಎರಡು’ ಎಂದು ಬರೆದು ಹಿಡಿದುಕೊಂಡು ಬರುವರು.

ಮೊದಲಿಗೆ ತಾಳೆ ನೋಡುವ ಕಾರ್ಯಕ್ರಮ. ಇಳಿಸಿದ್ದು ದಾರಿಯಲ್ಲಿ ಕೆಟ್ಟಿಲ್ಲ ಎನ್ನುವುದಕ್ಕೆ ಮೂವತ್ತೆರಡು ಅಕ್ಷರ, ಅಂಕಿಗಳ ಒಂದು ಸಾಲು ಇರುತ್ತದೆ. ಪರದೆಯ ಮೇಲಿನದೂ ಕಾಗದದ ಮೇಲಿನದೂ ಒಂದೇ ಆಗಿರಬೇಕು. ಲೋಕದಲ್ಲಿ ಎಲ್ಲರೂ ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಮುಂದೆ ಹೋಗುತ್ತಾರೆ. ಅಕ್ಕ ಮೂವತ್ತೆರಡನ್ನೂ ಮಂತ್ರದಂತೆ ಗಟ್ಟಿಯಾಗಿ ಓದುವರು. ನಾನು ಕಾಗದದಲ್ಲಿ ಗುರುತು ಹಾಕಬೇಕು. ಒಂದು ಮಧ್ಯಾಹ್ನ ಮೊಸರನ್ನದ ಪ್ರಭಾವದಲ್ಲಿ ನಾನು ಹದಿನೆಂಟರಿಂದ ಮೂವತ್ತೆರಡರವರೆಗೆ ಕಣ್ಣುಮುಚ್ಚಿ ಗುರುತು ಹಾಕಿದೆ. ಅಕ್ಕ ಕಾಗದ ತೆಗೆದುಕೊಂಡು ನೋಡಿದರು.

“ಮಾರಾಯ್ರೆ, ನಾನು ಇಪ್ಪತ್ತಾರಕ್ಕೇ ನಿಲ್ಲಿಸಿದ್ದು. ನೀವು ಯಾರದ್ದು ಕೇಳಿ ಗುರುತು ಹಾಕಿದ್ರಿ?”

ಕಿವಿ ಕೇಳದವರಿಂದ ಈ ಪ್ರಶ್ನೆ ಕೇಳಿಸಿಕೊಂಡವನು ಈ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ತಾಳೆಯಾದ ಮೇಲೆ ಪಾರಾಯಣ. ಗಂಟು ಬಿಚ್ಚಿದೊಡನೆ ‘ರೀಡ್ ಮಿ’ ಎಂಬ ಒಂದು ಕಡತ ಸಿಗುತ್ತದೆ. ಅದನ್ನು ತೆರೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕ ಅದನ್ನು ಅಚ್ಚು ಹಾಕಿಸಿ, ಕೆಂಪು ಪೆನ್ನಿನಿಂದ ಗೆರೆ ಎಳೆದು, ಮನೆಗೆ ಒಯ್ದು ಓದಿಕೊಂಡು ಬರುವರು. “ನನ್ನನ್ನು ಓದು ಅಂತ ಹೆಸರೇ ಇಟ್ಟು ಕೊಟ್ಟಿದ್ದಾನೆ ಪುಣ್ಯಾತ್ಮ. ಇನ್ನು ಕಾಲಿಗೆ ಬೀಳ್ಬೇಕಾ ಅವನು?”

ಆಮೇಲೆ ಮೂರು ಆಜ್ಞೆಗಳು. ಅವುಗಳ ಇಂಗ್ಲಿಷ್ ಹೆಸರು ನನಗೆ ಎಷ್ಟು ಸಲ ಹೇಳಿಕೊಟ್ಟರೂ ತಿರುವುಮುರುವಾಗುತ್ತಿತ್ತು. ಕೊನೆಗೆ ಅಕ್ಕ ತಮ್ಮ ತಂದೆಯ ಅಡುಗೆಮನೆಯನ್ನೇ ಎಳೆದುತಂದರು. “ನೋಡಿ. ಮೊದಲನೆಯದ್ದು, ಉಗ್ರಾಣದಲ್ಲಿ ಸಾಮಾನು ಎಲ್ಲ ಉಂಟಾ ಅಂತ ನೋಡುದು. ಎರಡನೆಯದ್ದು ಅರೆಯುದು. ಮೂರನೆಯದ್ದು ಬಡಿಸುದು. ನಿಮ್ಮ ಮೌಸಿನವರು ಎಂತ ಮಾಡ್ತಾರೆ? ಸೀದಾ ಎಲೆ ಹಾಕ್ತಾರೆ.”

ಮೊದಲ ಆಜ್ಞೆಗೇ ಯಂತ್ರ ‘ಇಂಥದ್ದು ಇಲ್ಲ’ ಎಂದು ಇಂಗ್ಲಿಷಿನಲ್ಲಿ ಕಿರುಚಿ ನಿಂತುಬಿಡುವುದು ಮಾಮೂಲು. ಆ ಇಂಥದ್ದನ್ನು ತಂದರೆ ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೊಂದು. ನಾನು ಹತಾಶನಾಗಿ, “ಬೈತಾ ಇದೆ ಅಕ್ಕ, ಬಿಟ್ಬಿಡಿ” ಎಂದು ಬರೆದು ಕೊಡುತ್ತಿದ್ದೆ.

“ಬೈದದ್ದಲ್ಲ. ತೆಂಗಿನಕಾಯಿ ಮುಗಿದಿದೆ ಅಂತ ಹೇಳಿದ್ದು. ಅರೆಯುದಕ್ಕೆ ಮೊದಲೇ ಹೇಳ್ತಾ ಉಂಟಲ್ಲ, ಪಾಪ. ಹೇಳ್ವವರು ಹೇಳುವಾಗ ಓದ್ಬೇಕು.”

ಎಲ್ಲ ಮುಗಿದ ಮೇಲೆ, ಹಾಕಿದ ತಂತ್ರಾಂಶದ ಹೆಸರನ್ನು ಟೈಪು ಮಾಡಿ ಅದರ ಆವೃತ್ತಿ ಯಾವುದೆಂದು ಕೇಳುವರು. ಅದು ತನ್ನ ಹೆಸರೂ ಸಂಖ್ಯೆಯೂ ಹೇಳುವುದು. ಟೆಲಿಪ್ರಿಂಟರಿನ ‘ನೀನು ಯಾರು?’ ಇಲ್ಲಿಗೂ ಬಂದಿತ್ತು. ಉತ್ತರ ಬಂದಮೇಲೆಯೇ ಅಕ್ಕ ಕುರ್ಚಿಯಿಂದ ಏಳುವುದು. ಈ ಎಲ್ಲ ವಿಧಿಗಳಲ್ಲಿ ಎಂಟರ್ ಒತ್ತುವ ಹಕ್ಕು ಅವರದು ಮಾತ್ರ. ಒಮ್ಮೆ ನಾನು ಆತುರಕ್ಕೆ ಕೈ ಚಾಚಿದಾಗ ಸ್ಕೇಲಿನಿಂದ ಮೆಲ್ಲಗೆ ತಟ್ಟಿದ್ದರು. “ಎಂಟರ್ ಅಂದ್ರೆ ಕಳಿಸಿದ್ದು ಅಂತ ಅರ್ಥ. ಕಳಿಸಿದ್ದು ವಾಪಸ್ ಬರುದಿಲ್ಲ.”

ಹೀಗೆ ನೆಮ್ಮದಿಯಾಗಿದ್ದಾಗ ಹೊಸ ಮ್ಯಾನೇಜರು ಬಂದರು. ಇಂಗ್ಲಿಷಿನಲ್ಲಿ ಗದರಿಸಿ ತಮಿಳಿನಲ್ಲಿ ಸಮಾಧಾನ ಮಾಡುವ ಸ್ವಭಾವ. ಅವರಿಗೆ ಕಾಗದ ದಂಡವಾಗುವುದೆಂದರೆ ಆಗದು. ಬಂದ ವಾರವೇ ಅಕ್ಕನ ಮೇಜಿನ ಮೇಲಿಂದ, ಮೌಸಿನ ಅಡಿಯಿಂದ, ಒಂದು ಚೀಟಿ ಎಳೆದರು. ಲೋಟ, ಹೊಗೆ.

“ಇದೇನು? ಇಲ್ಲೇನು ಚಿತ್ರಕಲಾ ಸ್ಪರ್ಧೆ ನಡೀತಿದೆಯೇ?”

ಅಟೆಂಡರ್ ತಲೆ ತಗ್ಗಿಸಿ, ಹೊಗೆ ಇದ್ದರೆ ಕಾಫಿ, ಇಲ್ಲದಿದ್ದರೆ ಮೋರು ಎಂದು ವಿವರಿಸಿದರು. ಮ್ಯಾನೇಜರು ಚೀಟಿಯನ್ನು ತಿರುಗಿಸಿ, ಹಿಂದಿನ ಸಮಯವನ್ನೂ ಸಹಿಯನ್ನೂ ನೋಡಿ ಹೊರಟುಹೋದರು. ಅವರು ಗದರಿಸದೆ ಹೋದದ್ದು ನಮಗೆ ಹೆಚ್ಚು ಭಯ ಹುಟ್ಟಿಸಿತು.

ಭಯಕ್ಕೆ ಕಾರಣವಿತ್ತು. ಮುಚ್ಚಿಹೋದ ವಿಭಾಗಗಳಿಂದ ಬಂದ, ಐವತ್ತು ದಾಟಿದವರ ಪಟ್ಟಿ ಮಾಡಿ ವೈದ್ಯಕೀಯ ಪರೀಕ್ಷೆಗೆ ಕಳಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಹೂಮಾಲೆ ಹಾಕಿ ಮನೆಯ ದಾರಿ. ‘ಇವರಿಲ್ಲದೆ ಕಚೇರಿ ನಡೆಯದು’ ಎಂದು ಮ್ಯಾನೇಜರು ಬರೆದವರಿಗೆ ಮಾತ್ರ ವಿನಾಯಿತಿ. ನಮ್ಮ ಮಹಡಿಯಲ್ಲಿ ಆ ಲೆಕ್ಕಕ್ಕೆ ಬರುವವರು ಅಕ್ಕ ಒಬ್ಬರೇ.

ಮ್ಯಾನೇಜರು ನನ್ನನ್ನು ಕೋಣೆಗೆ ಕರೆಸಿದರು. ತಮಿಳಿನಲ್ಲಿ, ಅಂದರೆ ಸಮಾಧಾನದ ಭಾಷೆಯಲ್ಲಿ, ಕೇಳಿದರು.

“ಆ ಮೇಡಂಗೆ ಕಿವಿ ಕೇಳಿಸೋದಿಲ್ಲವಂತೆ. ಹೌದಾ?”

“ಕೇಳಿಸುತ್ತೆ ಸಾರ್. ಅವರು ಕೇಳಿಸಿಕೊಳ್ಳೋದಿಲ್ಲ, ಅಷ್ಟೆ.”

ನನ್ನ ಸರ್ವಿಸಿನಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಇದಕ್ಕೆ ಅಗ್ರಸ್ಥಾನ. ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು. “ಸರಿ. ಗುರುವಾರ ಆ ಹೊಸ ತಂತ್ರಾಂಶ ಹಾಕ್ತಾರಲ್ಲ, ನಾನೇ ಬಂದು ನಿಂತು ನೋಡ್ತೇನೆ. ಪಟ್ಟಿ ಶುಕ್ರವಾರ ಹೋಗಬೇಕು.”

ಹೊಸ ತಂತ್ರಾಂಶವೆಂದರೆ ಪಾಲಿಸಿದಾರರಿಗೆ ನಾವು ಬರೆದ ಪತ್ರಗಳನ್ನು ಕ್ಷಣದಲ್ಲಿ ಹುಡುಕಿಕೊಡುವಂಥದು. ಮೂರು ವರ್ಷದ ಪತ್ರಗಳು ಆ ಒಂದು ಯಂತ್ರದಲ್ಲಿದ್ದವು. ಎಲ್ಲ ಶಾಖೆಗಳೂ ಆ ವಾರ ಅದನ್ನು ಇಳಿಸಿ ಕೂರಿಸಬೇಕಿತ್ತು.

ಗುರುವಾರ ನಾನು ಅಕ್ಕನ ಬಲಗಡೆ ಕುರ್ಚಿ ಹಾಕಿ, ಚೀಟಿಗಳ ಕಟ್ಟನ್ನು ಮಂಡಿಯ ಮೇಲಿಟ್ಟು ಕೂತೆ. ಮ್ಯಾನೇಜರು ಬಂದವರು ನಿಂತದ್ದು ಎಡಗಡೆ, ಸ್ವಲ್ಪ ಹಿಂದೆ. ಇಡೀ ಕೋಣೆಯಲ್ಲಿ ಅಷ್ಟು ಕೆಟ್ಟ ಜಾಗ ಬೇರೆ ಇರಲಿಲ್ಲ. ಅವರು ಏನು ಕೇಳಿದರೂ ನಾನು ಚೀಟಿಯಲ್ಲಿ ಬರೆದು ಅಕ್ಕನ ಮುಂದಿಡುತ್ತಿದ್ದೆ. “ವಿಭಾಗದ ಪದ್ಧತಿ ಸಾರ್” ಎಂದೆ. “ರೆಕಾರ್ಡಿಗೆ.” ಮೂವತ್ತೆರಡು ಅಕ್ಷರಗಳ ಪಾರಾಯಣವಾಯಿತು. ಈ ಸಲ ನಾನು ಒಂದೊಂದಕ್ಕೂ ಎಚ್ಚರವಾಗಿದ್ದೆ. ಸಾಮಾನು ನೋಡಿದ್ದಾಯಿತು, ಎಲ್ಲ ಇತ್ತು. ಅರೆಯುವುದು ಶುರುವಾಗಿ, ಪರದೆಯ ಮೇಲೆ ಸಾಲುಗಳು ಇರುವೆಗಳಂತೆ ಹರಿಯತೊಡಗಿದವು. ಅಷ್ಟರಲ್ಲಿ ಮ್ಯಾನೇಜರರ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಅವರು ಹೋದರು. ನಾನು ಉಸಿರು ಬಿಟ್ಟೆ. ಅರೆದದ್ದು ಮುಗಿದು, ಅಕ್ಕ ಬಡಿಸುವ ಆಜ್ಞೆಯನ್ನು ಕೊಟ್ಟರು.

ಆಗ ಬಾಗಿಲಲ್ಲಿ ಗುಡುಗು.

“ಸ್ಟಾಪ್! ಸ್ಟಾಪ್! ಅಮುಕ್ಕಾದೀಂಗ! ಒನ್ನುಮೇ ಅಮುಕ್ಕಾದೀಂಗ!”

ಏನೂ ಒತ್ತಬೇಡಿ ಎಂದು. ಇನ್ನೊಂದು ಶಾಖೆಯಲ್ಲಿ ಇದೇ ತಂತ್ರಾಂಶ ಹಾಕುವಾಗ ಹಳೆಯ ಪತ್ರಗಳೆಲ್ಲ ಅಳಿಸಿಹೋದವೆಂದು ಫೋನು ಬಂದಿತ್ತು. ಮ್ಯಾನೇಜರು ಓಡಿಬರುತ್ತಿದ್ದರು. ಮಹಡಿಯ ಅಷ್ಟೂ ಜನ ಎದ್ದು ನಿಂತಿದ್ದರು. ಅಕ್ಕನ ಬೆನ್ನು ಬಾಗಿಲ ಕಡೆ, ಕಿರುಬೆರಳು ಎಂಟರ್ ಮೇಲೆ. ನಾನು ಚೀಟಿಯ ಮೇಲೆ ‘ನಿಲ್ಲಿ’ ಎಂದು ಗೀಚಿ ಅವರ ಮುಂದಕ್ಕೆ ತಳ್ಳಿದೆ.

ಬೆರಳು ಕೆಳಗಿಳಿಯಲಿಲ್ಲ.

ಮ್ಯಾನೇಜರು ಏದುಸಿರು ಬಿಡುತ್ತ ಬಂದು ಪರದೆ ನೋಡಿದರು. ‘ಈ ಜಾಗದಲ್ಲಿ ಹಳೆಯ ಕಡತಗಳಿವೆ. ಅವುಗಳ ಮೇಲೆ ಬರೆಯಲೇ? ಹೌದು ಅಥವಾ ಇಲ್ಲ’ ಎಂದು ಯಂತ್ರ ಕೇಳುತ್ತ ನಿಂತಿತ್ತು. ಹೌದು ಎಂಬುದನ್ನು ಅದೇ ತುಂಬಿಕೊಂಡಿತ್ತು. ಎಂಟರ್ ಒಂದು ಒತ್ತಿದ್ದರೆ ಸಾಕಿತ್ತು. ಅಕ್ಕ ಅದನ್ನು ಅಳಿಸಿ ಇಲ್ಲವೆಂದು ಬರೆದು, ಪತ್ರಗಳನ್ನು ಬೇರೆ ಜಾಗಕ್ಕೆ ಸಾಗಿಸುವ ಆಜ್ಞೆಯನ್ನು ಟೈಪು ಮಾಡತೊಡಗಿದ್ದರು, ಹಿಂದೆ ಪ್ರಳಯವಾದದ್ದರ ಪರಿವೆಯೇ ಇಲ್ಲದೆ.

ಇದನ್ನೇ ಮ್ಯಾನೇಜರು ಗಮನಿಸಿದರೆಂದು ಕಾಣುತ್ತದೆ. ಬೆವರು ಒರೆಸಿಕೊಂಡರು. ಅಕ್ಕನ ಎಡಗಿವಿಯ ಹತ್ತಿರ ಬಗ್ಗಿ, ಸಾಮಾನ್ಯ ದನಿಯಲ್ಲಿ, “ಮೇಡಂ, ಕಾಪಿ ಸಾಪ್ಪಿಡ್ರೀಂಗಳಾ?” ಎಂದು ಕಾಫಿ ಕುಡಿಯುತ್ತೀರಾ ಅಂತ ಕೇಳಿದರು.

ಅಕ್ಕ ಟೈಪು ಮಾಡುತ್ತಲೇ ಇದ್ದರು.

ನಾನು ಪೆನ್ನು ಎತ್ತಿದೆ. ಮ್ಯಾನೇಜರು ನನ್ನ ಪೆನ್ನನ್ನು ನೋಡಿದರು, ಮಂಡಿಯ ಮೇಲಿನ ಚೀಟಿಗಳನ್ನು ನೋಡಿದರು, ಸುತ್ತ ನಿಂತ ಅಷ್ಟೂ ಜನರ ಮುಖ ನೋಡಿದರು. ಎಲ್ಲರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರು. ಅಟೆಂಡರ್ ಮಾತ್ರ ಮ್ಯಾನೇಜರನ್ನೇ ನೆಟ್ಟಗೆ ನೋಡುತ್ತಿದ್ದರು.

ಮ್ಯಾನೇಜರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಒಂದು ಚೀಟಿ ತೆಗೆದುಕೊಂಡರು. ಮೇಜಿನ ತುದಿಗೆ ಇಟ್ಟುಕೊಂಡು ಒಂದು ಲೋಟ ಬರೆದರು. ಒಂದು ಕ್ಷಣ ಯೋಚಿಸಿ, ಮೇಲೆ ಹೊಗೆ ಎಳೆದರು. ಅಕ್ಕನ ಮುಂದಿಟ್ಟರು.

ಅಕ್ಕ ನೋಡಿದರು. ತಿರುಗಿಸಿ, ಗಡಿಯಾರ ನೋಡಿ ಸಮಯ ಹಾಕಿ, ಸಹಿ ಮಾಡಿ, ಅಟೆಂಡರಿಗೆ ತೋರಿಸಿ ಮೌಸಿನ ಅಡಿಗೆ ಇಟ್ಟರು. ಕಾಫಿ ಬಂತು. ಕಾಫಿಯ ಜೊತೆ ತಂತ್ರಾಂಶವನ್ನೂ ‘ನೀನು ಯಾರು’ ಎಂದು ಕೇಳಿದ್ದಾಯಿತು. ಅದೂ ಹೆಸರು ಹೇಳಿತು.

ಶುಕ್ರವಾರ ಪಟ್ಟಿ ಹೋಯಿತು. ಅದರ ಜೊತೆಗೆ ನಮಗೊಂದು ಸುತ್ತೋಲೆ ಬಂತು: ಕಂಪ್ಯೂಟರ್ ವಿಭಾಗಕ್ಕೆ ಸಂಬಂಧಿಸಿದ ಎಲ್ಲ ಸೂಚನೆಗಳನ್ನು, ಅವು ಎಷ್ಟೇ ಸಣ್ಣವಿರಲಿ, ಇನ್ನು ಮುಂದೆ ಲಿಖಿತವಾಗಿಯೇ ಕೊಡತಕ್ಕದ್ದು, ಮೌಖಿಕ ಸೂಚನೆಗಳಿಗೆ ವಿಭಾಗವು ಬಾಧ್ಯವಲ್ಲ. ಕಾಗದ ಉಳಿಸಲೆಂದೇ ಅವತರಿಸಿದ ಮನುಷ್ಯ ಆ ಸುತ್ತೋಲೆಯನ್ನು ಮೂರು ಪ್ರತಿ ಅಚ್ಚು ಹಾಕಿಸಿದ್ದರು. ಪಟ್ಟಿಯಲ್ಲಿ ಅಕ್ಕನ ಹೆಸರಿನ ಮುಂದೆ ಏನು ಬರೆದಿದ್ದರೋ ನಾವು ನೋಡಲಿಲ್ಲ. ಪರೀಕ್ಷೆಗೆ ಕರೆ ಮಾತ್ರ ಬರಲಿಲ್ಲ.

ಗುರುವಾರದ ಸಂಜೆ ಬೀಚ್ ಸ್ಟೇಷನ್ನಿನ ಪ್ಲಾಟ್‌ಫಾರಮಿನಲ್ಲಿ ಅಕ್ಕ ತಾಂಬರಂ ಗಾಡಿಗೆ ಕಾಯುತ್ತ, ಎಂದಿನಂತೆ ನನ್ನನ್ನು ಬಲಗಡೆಗೆ ನಿಲ್ಲಿಸಿಕೊಂಡು ಹೇಳಿದ್ದು ಇಷ್ಟೇ:

“ಮ್ಯಾನೇಜರ್ ಚಿತ್ರ ಬರೀತಾರೆ ಮಾರಾಯ್ರೆ. ಅಡ್ಡಿಲ್ಲ. ಆದ್ರೆ ಹೊಗೆ ಅಟೆಂಡರಿನಷ್ಟು ಚೆಂದ ಇಲ್ಲ.”

ಇನ್ನು ನನ್ನ ವಿಷಯ. ಅಂದು ಅಕ್ಕನ ಬೆರಳನ್ನು ತಡೆದದ್ದು ನನ್ನ ಚೀಟಿ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಎರಡಕ್ಷರದ ಆ ಚೀಟಿ ಮೂರು ವರ್ಷದ ಪತ್ರಗಳನ್ನೂ ಒಂದು ಸಂಸಾರವನ್ನೂ ಕಾಪಾಡಿತೆಂದು ನಾನು ಊಟದ ಡಬ್ಬಿ ಬಿಚ್ಚಿದಾಗ, ಗಾಡಿ ಗಿಂಡಿ ಸ್ಟೇಷನ್ನಿನಲ್ಲಿ ನಿಂತಾಗ, ಮಗಳ ಮದುವೆಯ ಪಂಕ್ತಿಯಲ್ಲಿ, ಹೀಗೆ ಸಂದರ್ಭ ಇದ್ದಲ್ಲಿ ಮತ್ತು ಇಲ್ಲದಲ್ಲಿ ಹೇಳಿದ್ದೇನೆ. ಅಕ್ಕನಿಗೂ ಬರೆದು ತೋರಿಸಿದ್ದೇನೆ. ಅವರು ಗಂಭೀರವಾಗಿ ಓದಿ, “ಹೌದು ಮಾರಾಯ್ರೆ. ನೀವು ಇಲ್ಲದಿದ್ರೆ ಎಂತ ಆಗ್ತಿತ್ತೋ!” ಎನ್ನುವರು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಮೂರು ವರ್ಷ ಚಿಲ್ಲರೆ ಕಳೆದು ಅಕ್ಕ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮಾತಾಡಿದ ಎಂಟೂ ಜನ ಭಾಷಣ ಮುಗಿಸಿ, ಬರೆದದ್ದನ್ನು ಮಡಚಿ ಅಕ್ಕನ ಕೈಗೆ ಕೊಟ್ಟೇ ಕೆಳಗಿಳಿದರು. ರೆಕಾರ್ಡಿಗೆ. ಮ್ಯಾನೇಜರು ತಮ್ಮದನ್ನು ಇಂಗ್ಲಿಷಿನಲ್ಲಿ ಬರೆದು, ಕೊನೆಗೆ ಸಹಿಯ ಬದಲು ಲೋಟದ ಚಿತ್ರ ಹಾಕಿದ್ದರು. ಹೊಗೆ ಸುಧಾರಿಸಿತ್ತು.

ನಿವೃತ್ತಿಯಾದ ವಾರಕ್ಕೆ ಅಕ್ಕ ಕಿವಿಗೆ ಯಂತ್ರ ಹಾಕಿಸಿಕೊಂಡು, ಉಳಿದ ಕಾಗದಗಳ ಕೆಲಸಕ್ಕೆಂದು ಕಚೇರಿಗೆ ಬಂದರು. ಯಾರೂ ಆಶ್ಚರ್ಯಪಡಲಿಲ್ಲ, ಆಶ್ಚರ್ಯಪಡದಿರಲು ಎಲ್ಲರೂ ಬಹಳ ಕಷ್ಟಪಟ್ಟರು. ಅಕ್ಕ ಅರ್ಧ ಗಂಟೆ ಕೂತು ಮಹಡಿಯ ಮಾತುಗಳನ್ನೆಲ್ಲ ಕೇಳಿಸಿಕೊಂಡರು. ಯೂನಿಯನ್ನಿನ ಜಗಳ, ಫೋನಿನ ಕಿರುಚಾಟ, ನಾನು ಅಟೆಂಡರಿಗೆ ಹಾಕಿದ ಗದರಿಕೆ. ಆಮೇಲೆ ಯಂತ್ರವನ್ನು ತೆಗೆದು ಪರ್ಸಿನಲ್ಲಿ ಹಾಕಿಕೊಂಡರು.

“ಬರೆಯುವಾಗ ನೀವೆಲ್ಲ ಎಷ್ಟು ಒಳ್ಳೆ ಜನ ಇದ್ರಿ ಮಾರಾಯ್ರೆ.”

ಈಗ ಡಬ್ಬಿ. ವೇಲಚೇರಿಯಲ್ಲಿ ಅಕ್ಕನ ತಂಗಿ ಅದನ್ನು ಕೊಡುತ್ತ, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ, “ಇದು ನಿಮ್ಮ ಆಫೀಸಿಂದು. ಅಕ್ಕ ಬಿಸಾಡೋಕೇ ಬಿಡಲಿಲ್ಲೆ” ಎಂದರು. ಮನೆಗೆ ತಂದು ತೆರೆದೆ. ಚೀಟಿಗಳು, ವರ್ಷದ ಪ್ರಕಾರ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದವು. ಅಟೆಂಡರರ ಲೋಟಗಳು. ಮ್ಯಾನೇಜರರ ಮೊದಲ ಲೋಟ, ಹೊಗೆ ನಿಜಕ್ಕೂ ಚೆನ್ನಾಗಿರಲಿಲ್ಲ. ಅದರ ಕೆಳಗೆ ನನ್ನದು. ‘ನಿಲ್ಲಿ.’ ಹೆಮ್ಮೆಯಿಂದ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಅದನ್ನು ತಿರುಗಿಸಿ ಹಿಂದೆ ಬರೆದದ್ದನ್ನು ಓದಿದಳು, ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಡುಗೆಮನೆಯಿಂದ ನಗು ಕೇಳಿಸಿತು.

ಹಿಂದೆ, ಅಕ್ಕನ ದುಂಡನೆಯ ಅಕ್ಷರದಲ್ಲಿ, ಹೀಗಿತ್ತು:

‘ಹನ್ನೊಂದು ನಲವತ್ತಕ್ಕೆ ಸಿಕ್ಕಿತು. ಅಷ್ಟರಲ್ಲಿ ಪರದೆ ಓದಿ ನಿಂತಿದ್ದೆ. ಅಕ್ಷರ ನಡುಗಿದೆ, ಪಾಪ. ಇವರಿಗೆ ಹೇಳುವುದು ಬೇಡ.’ ಸಹಿ.

ಎರಡು ಸಲ ಓದಿದೆ. ಗಡಿಯಾರ ನೋಡಿದೆ. ಪೆನ್ನು ಹುಡುಕಿ ಅದರ ಕೆಳಗೆ ಸಮಯ ಹಾಕಿ, ‘ಈಗ ಸಿಕ್ಕಿತು’ ಎಂದು ಬರೆದು, ನನ್ನ ಹೆಸರು ಬರೆದು, ಚೀಟಿಯನ್ನು ಡಬ್ಬಿಯಲ್ಲಿ ಅದರ ಜಾಗಕ್ಕೇ ಇಟ್ಟೆ.